ಹಿಮ್ಮಡಿ ನೋವು: ಮೊದಲ ಹೆಜ್ಜೆಗೆ ಮುನ್ನ

ಬೆಳಗಿನ ಐದೂವರೆ ಗಂಟೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು ತಾಯಿ. ಹಾಲು ಕಾಯಿಸಬೇಕು, ಮಕ್ಕಳ ಊಟದ ಡಬ್ಬಿಗೆ ಚಿತ್ರಾನ್ನವೋ ಚಪಾತಿಯೋ ಸಿದ್ಧವಾಗಬೇಕು. ಮಂಚದಿಂದ ಇಳಿದು ನೆಲಕ್ಕೆ ಕಾಲೂರಿದ ಕೂಡಲೇ ಹಿಮ್ಮಡಿಯಲ್ಲಿ ಮೊಳೆ ಹೊಡೆದಂಥ ನೋವು. ಗೋಡೆ ಹಿಡಿದು, ತುದಿಗಾಲಿನಲ್ಲಿ ಕುಂಟುತ್ತ ಬಚ್ಚಲುಮನೆಯವರೆಗೆ ಹೋಗುತ್ತಾಳೆ. ಹತ್ತು ಹದಿನೈದು ನಿಮಿಷ ಓಡಾಡಿದ ಮೇಲೆ ನೋವು ತಗ್ಗುತ್ತದೆ. ‘ಸದ್ಯ, ಹೋಯಿತಲ್ಲ’ ಎಂದು ಸುಮ್ಮನಾಗುತ್ತಾಳೆ. ಸಂಜೆ ಒಲೆಯ ಮುಂದೆ ನಿಂತಾಗ ಅದು ಮತ್ತೆ ಹಾಜರು. ಮರುದಿನ ಬೆಳಗ್ಗೆ ಮತ್ತದೇ ಮೊಳೆ.

ತಿಂಗಳುಗಟ್ಟಲೆ ಹೀಗೆ ನಡೆದರೂ ಮನೆಯ ಉಳಿದವರಿಗೆ ಗೊತ್ತಾಗುವುದು ಅಪರೂಪ. ಅವರು ಏಳುವ ಹೊತ್ತಿಗೆ ಆಕೆಯ ಕುಂಟು ಮಾಯವಾಗಿರುತ್ತದೆ!

ತರಗತಿಯಲ್ಲಿ ದಿನವಿಡೀ ನಿಂತು ಪಾಠ ಹೇಳುವ ಉಪಾಧ್ಯಾಯರು, ಬಸ್ಸಿನ ಕಂಡಕ್ಟರುಗಳು, ಸಂಚಾರ ಪೊಲೀಸರು, ಹೋಟೆಲಿನ ಮಾಣಿಗಳು, ಆಸ್ಪತ್ರೆಯ ದಾದಿಯರು ಇವರಿಗೆಲ್ಲ ಈ ನೋವು ಹೊಸದಲ್ಲ. ಪೊಲೀಸ್ ಅಥವಾ ಸೈನ್ಯ ಭರ್ತಿಯ 1600 ಮೀಟರ್ ಓಟಕ್ಕೆಂದು ಒಮ್ಮೆಲೇ ಅಭ್ಯಾಸಕ್ಕಿಳಿದ ಹುಡುಗರನ್ನೂ ಅದು ಬಿಡುವುದಿಲ್ಲ. ಹತ್ತು ಜನರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ ಎಂಬುದು ವೈದ್ಯರ ಅಂದಾಜು. ಹಿಮ್ಮಡಿ ನೋವಿಗೆ ಕಾರಣಗಳು ಹಲವಿದ್ದರೂ ವಯಸ್ಕರಲ್ಲಿ ಅತಿ ಸಾಮಾನ್ಯವಾದದ್ದು ‘ಪ್ಲಾಂಟರ್ ಫ್ಯಾಸಿಯೈಟಿಸ್’. ಹೆಸರು ಭಾರಿಯಾಗಿದ್ದರೂ ವಿಷಯ ಸರಳ. ಇದರ ಮುಖ್ಯ ಚಿಕಿತ್ಸೆ ಇರುವುದು ಔಷಧದ ಅಂಗಡಿಯಲ್ಲಲ್ಲ, ಮಂಚದ ಅಂಚಿನಲ್ಲಿ ಕುಳಿತು ಮಾಡುವ ವ್ಯಾಯಾಮದಲ್ಲಿ.

ಬಿಲ್ಲು ಮತ್ತು ಹೆದೆ

ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಎರಡೂ ಪಾದಗಳವು ಸೇರಿದರೆ 52. ಅಂದರೆ ವಯಸ್ಕನ ದೇಹದ 206 ಮೂಳೆಗಳಲ್ಲಿ ಕಾಲು ಭಾಗ ಪಾದಗಳಲ್ಲೇ ಇದೆ. ಈ ಮೂಳೆಗಳು ಸಾಲಾಗಿ ಜೋಡಣೆಗೊಂಡು ಒಂದು ಕಮಾನನ್ನು ರಚಿಸಿವೆ. ಒದ್ದೆಕಾಲಿನಲ್ಲಿ ನೆಲದ ಮೇಲೆ ನಡೆದರೆ ಹೆಜ್ಜೆಯ ಗುರುತಿನಲ್ಲಿ ಒಳಮಗ್ಗುಲು ಖಾಲಿ ಉಳಿಯುವುದು ಈ ಕಮಾನಿನಿಂದಲೇ.

ಕಮಾನು ಕುಸಿಯದಂತೆ ಹಿಡಿದಿಡುವುದು ಹೇಗೆ? ಬಿಲ್ಲಿನ ಎರಡು ತುದಿಗಳನ್ನು ಹೆದೆ ಎಳೆದು ಕಟ್ಟಿರುವಂತೆ ಇಲ್ಲಿಯೂ ಒಂದು ಹೆದೆ ಇದೆ. ಹಿಮ್ಮಡಿಯ ಮೂಳೆಯ ಕೆಳಭಾಗದಿಂದ ಹೊರಟು, ಅಂಗಾಲಿನುದ್ದಕ್ಕೂ ಹರಡಿ, ಐದು ಎಳೆಗಳಾಗಿ ಸೀಳಿ ಐದೂ ಬೆರಳುಗಳ ಬುಡ ಸೇರುವ ದಪ್ಪನೆಯ, ಬಿಳಿಯ, ಗಟ್ಟಿ ನಾರಿನ ಪಟ್ಟಿ ಅದು. ಅದಕ್ಕೆ ‘ಪ್ಲಾಂಟರ್ ಫ್ಯಾಸಿಯಾ’ ಎಂದು ಹೆಸರು. ಅಂಗಾಲಿನ ನಾರುಪಟ್ಟಿ ಎನ್ನೋಣ.

ಇದರ ಕೆಲಸವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. ಕುರ್ಚಿಯ ಮೇಲೆ ಕುಳಿತು ಪಾದವನ್ನು ನೆಲಕ್ಕೆ ಊರಬೇಕು. ಪಾದ ಅಲುಗದಂತೆ, ಕೈಯಿಂದ ಹೆಬ್ಬೆರಳನ್ನು ಮಾತ್ರ ಮೇಲಕ್ಕೆತ್ತಬೇಕು. ಪಾದದ ಒಳಬದಿಯ ಕಮಾನು ತಾನಾಗಿ ಮೇಲೇಳುವುದು ಕಾಣುತ್ತದೆ. ಇನ್ನೊಂದು ಕೈಯ ಬೆರಳನ್ನು ಅಂಗಾಲಿಗೆ ಒತ್ತಿ ಹಿಡಿದರೆ ಬಿಗಿದ ತಂತಿಯಂತೆ ನಾರುಪಟ್ಟಿ ಸಿಗುತ್ತದೆ. ಉರುಳೆಗೆ ಹಗ್ಗ ಸುತ್ತಿದಂತೆಲ್ಲ ಅದರ ತುದಿಯ ಭಾರ ಮೇಲೇಳುವಂತೆ, ಬೆರಳುಗಳು ಮೇಲಕ್ಕೆ ಬಾಗಿದಾಗ ಪಟ್ಟಿ ಬೆರಳಿನ ಬುಡಕ್ಕೆ ಸುತ್ತಿಕೊಂಡು ಬಿಗಿಯಾಗುತ್ತದೆ, ಕಮಾನು ಏಳುತ್ತದೆ. ಈ ಉರುಳೆ ತತ್ತ್ವವನ್ನು ಜೆ. ಎಚ್. ಹಿಕ್ಸ್ ಎಂಬವರು 1954ರಲ್ಲಿ ವಿವರಿಸಿದರು. ನಡೆಯುವಾಗ ಹಿಮ್ಮಡಿ ನೆಲ ಬಿಟ್ಟು ಬೆರಳುಗಳ ಮೇಲೆ ಭಾರ ಬೀಳುವ ಪ್ರತಿ ಸಲವೂ ಇದು ನಡೆಯುತ್ತದೆ. ಮೆತ್ತಗಿದ್ದ ಪಾದ ಆ ಗಳಿಗೆಯಲ್ಲಿ ಗಟ್ಟಿ ಸನ್ನೆಯಾಗಿ ದೇಹವನ್ನು ಮುಂದಕ್ಕೆ ತಳ್ಳುತ್ತದೆ.

ಒಂದು ಸಣ್ಣ ಲೆಕ್ಕ

60 ಕೆ.ಜಿ. ತೂಕದ ಒಬ್ಬರು ದಿನಕ್ಕೆ 5000 ಹೆಜ್ಜೆ ನಡೆಯುತ್ತಾರೆ ಎಂದುಕೊಳ್ಳೋಣ. ಒಂದೊಂದು ಕಾಲಿಗೆ 2500 ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಇಡೀ ದೇಹದ ಭಾರ ಒಂದೇ ಪಾದದ ಮೇಲೆ ಬೀಳುತ್ತದೆ. 2500ನ್ನು 60ರಿಂದ ಗುಣಿಸಿದರೆ 1,50,000 ಕೆ.ಜಿ., ಅಂದರೆ 150 ಟನ್. ಹತ್ತು ಟನ್ ಹೊರುವ ಲಾರಿಗಳಾದರೆ ಹದಿನೈದು ಲಾರಿಗಳ ಸರಕು! ಓಡುವಾಗ ಪಾದದ ಮೇಲೆ ಬೀಳುವ ಬಲ ದೇಹದ ತೂಕದ ಎರಡು ಮೂರು ಪಟ್ಟಾಗುವುದರಿಂದ ಲೆಕ್ಕ ಇನ್ನೂ ಏರುತ್ತದೆ.

ಆರೋಗ್ಯವಂತ ಪಾದ ಇದನ್ನು ಸದ್ದಿಲ್ಲದೆ ಹೊರುತ್ತದೆ. ದಿನದಲ್ಲಿ ಆದ ಸಣ್ಣಪುಟ್ಟ ಸವೆತವನ್ನು ದೇಹ ವಿಶ್ರಾಂತಿಯ ಹೊತ್ತಿನಲ್ಲಿ ರಿಪೇರಿ ಮಾಡುತ್ತದೆ. ಸವೆತದ ವೇಗ ರಿಪೇರಿಯ ವೇಗವನ್ನು ಮೀರಿದಾಗ ತೊಂದರೆ ಶುರು. ತೂಕ ಹೆಚ್ಚಾಗುವುದು, ಗಟ್ಟಿ ನೆಲದ ಮೇಲೆ ಬಹುಹೊತ್ತು ನಿಲ್ಲುವುದು, ನಡಿಗೆ ಅಥವಾ ಓಟವನ್ನು ದಿಢೀರನೆ ಹೆಚ್ಚಿಸುವುದು, ತಳ ಸವೆದ ಚಪ್ಪಲಿ, ಬಿಗಿಯಾದ ಮೀನಖಂಡ ಇವೆಲ್ಲ ಸವೆತವನ್ನು ಹೆಚ್ಚಿಸುವ ಕಾರಣಗಳು. ನಲವತ್ತರಿಂದ ಅರವತ್ತರ ವಯಸ್ಸಿನಲ್ಲಿ ಇದು ಹೆಚ್ಚು.

ಇದೇ ಲೆಕ್ಕವನ್ನು ಹಿಂದುಮುಂದು ಮಾಡಿದರೆ ಒಂದು ಸಮಾಧಾನವೂ ಇದೆ. ತೂಕ ಹೆಚ್ಚಿರುವವರು 5 ಕೆ.ಜಿ. ಇಳಿಸಿದರೆ ಒಂದು ಕಾಲಿನ ಹೊರೆ ದಿನಕ್ಕೆ ಹನ್ನೆರಡೂವರೆ ಟನ್ ಕಡಿಮೆಯಾಗುತ್ತದೆ. ಒಂದು ಲಾರಿ ತುಂಬ ಸರಕು ಇಳಿಸಿದ ಹಾಗಾಯಿತು.

ಬೆಳಗಿನ ಹೊತ್ತೇ ಏಕೆ?

ಮಲಗಿದಾಗ ಪಾದಗಳು ಮುಂದಕ್ಕೆ ಜೋತುಬಿದ್ದಿರುತ್ತವೆ. ಮೀನಖಂಡವೂ ಅಂಗಾಲಿನ ಪಟ್ಟಿಯೂ ಆರೇಳು ಗಂಟೆ ಕಾಲ ಸಡಿಲವಾಗಿ, ಕುಗ್ಗಿದ ಸ್ಥಿತಿಯಲ್ಲೇ ಉಳಿಯುತ್ತವೆ. ಎದ್ದು ಕಾಲೂರಿದ ಗಳಿಗೆಯಲ್ಲಿ ಇಡೀ ದೇಹದ ಭಾರ ಒಮ್ಮೆಗೇ ಬಿದ್ದು, ಕುಗ್ಗಿದ ಪಟ್ಟಿ ಜಗ್ಗನೆ ಹಿಗ್ಗಬೇಕಾಗುತ್ತದೆ. ಅದು ಮೂಳೆಗೆ ಅಂಟಿರುವ ಜಾಗ, ಅಂದರೆ ಹಿಮ್ಮಡಿಯ ಅಡಿಯ ಒಳಮಗ್ಗುಲು, ಆಗ ಚೀರುತ್ತದೆ. ಒಂದಷ್ಟು ನಡೆದ ಮೇಲೆ ಪಟ್ಟಿ ಮೆತ್ತಗಾಗಿ ನೋವು ಇಳಿಯುತ್ತದೆ. ಸಿನಿಮಾ ಮುಗಿದು ಎದ್ದಾಗ, ದೂರದ ಬಸ್ ಪ್ರಯಾಣ ಮುಗಿಸಿ ಇಳಿದಾಗ ನೋಯುವುದಕ್ಕೂ ಇದೇ ಕಾರಣ. ಬಹುಹೊತ್ತಿನ ವಿಶ್ರಾಂತಿಯ ನಂತರದ ಮೊದಲ ಹೆಜ್ಜೆಯ ನೋವೇ ಈ ಕಾಯಿಲೆಯ ಮುಖ್ಯ ಗುರುತು.

ಮುಳ್ಳಿನ ತಪ್ಪೇನಿಲ್ಲ

ಹಿಮ್ಮಡಿಯ ಎಕ್ಸ್‌ರೇ ತೆಗೆಸಿದಾಗ ಕೆಲವರಿಗೆ ಮೂಳೆಯ ಅಡಿಯಿಂದ ಮುಂದಕ್ಕೆ ಚಾಚಿದ ಮುಳ್ಳಿನಂಥ ಬೆಳವಣಿಗೆ ಕಾಣುತ್ತದೆ. ‘ಮುಳ್ಳು ಬೆಳೆದಿದೆ, ಅದಕ್ಕೇ ಚುಚ್ಚುತ್ತಿದೆ, ತೆಗೆಸದಿದ್ದರೆ ಗತಿಯಿಲ್ಲ’ ಎಂದು ಗಾಬರಿಯಾಗುವವರು ಬಹಳ. ಆದರೆ ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇಂಥ ಮುಳ್ಳು ಇರುತ್ತದೆ. ವಿಪರೀತ ನೋವಿರುವ ಎಷ್ಟೋ ಜನರಲ್ಲಿ ಅದು ಇರುವುದೇ ಇಲ್ಲ. ನೋವು ವಾಸಿಯಾದ ಮೇಲೂ ಮುಳ್ಳು ಇದ್ದಲ್ಲೇ ಇರಬಹುದು. ಆದ್ದರಿಂದ ಎಕ್ಸ್‌ರೇಯ ಮುಳ್ಳಿಗೆ ಹೆದರಬೇಕಾಗಿಲ್ಲ.

ಕಾಯಿಲೆಯ ಹೆಸರೂ ಸ್ವಲ್ಪ ದಾರಿ ತಪ್ಪಿಸುವಂಥದೇ. ‘ಐಟಿಸ್’ ಎಂದರೆ ಉರಿಯೂತ. ಆದರೆ 2003ರಲ್ಲಿ ಅಮೆರಿಕದ ಲೆಮಾಂಟ್ ಮತ್ತು ಸಂಗಡಿಗರು, ಶಸ್ತ್ರಕ್ರಿಯೆಗೆ ಒಳಗಾದ 50 ಪ್ರಕರಣಗಳ ನಾರಿನ ಚೂರುಗಳ ಸೂಕ್ಷ್ಮದರ್ಶಕ ಪರೀಕ್ಷೆಯನ್ನು ಪರಿಶೀಲಿಸಿದಾಗ ಅಲ್ಲಿ ಕಂಡದ್ದು ಉರಿಯೂತವಲ್ಲ, ನಾರುಗಳ ಸವೆತ. ಬಾವಿಯ ಹಳೆಯ ಹಗ್ಗ ಎಳೆ ಬಿಟ್ಟ ಹಾಗೆ. ನೋವಿನ ಮಾತ್ರೆ ನುಂಗಿದರೆ ನೋವು ತಾತ್ಕಾಲಿಕವಾಗಿ ಅಡಗೀತು, ಆದರೆ ಎಳೆ ಬಿಟ್ಟ ಹಗ್ಗ ಮತ್ತೆ ಗಟ್ಟಿಯಾಗದು. ಗಟ್ಟಿಯಾಗಬೇಕಾದರೆ ಹದವರಿತು ಎಳೆಯಬೇಕು, ಹದವರಿತು ಭಾರ ಹೊರಿಸಬೇಕು. ಫಿಸಿಯೋಥೆರಪಿ, ಅಂದರೆ ಭೌತಚಿಕಿತ್ಸೆ, ಮಾಡುವುದು ಇದನ್ನೇ.

ನೂರು ಸೆಕೆಂಡುಗಳ ಎಳೆತ

ಬೆಳಗ್ಗೆ ಎಚ್ಚರವಾದ ಮೇಲೆ ಕಾಲನ್ನು ನೆಲಕ್ಕೆ ಇಡುವ ಮುನ್ನವೇ ಮಂಚದ ಅಂಚಿನಲ್ಲಿ ಕುಳಿತುಕೊಳ್ಳಬೇಕು. ಚಾಪೆಯ ಮೇಲೆ ಮಲಗುವವರು ಚಾಪೆಯ ಮೇಲೆಯೇ ಕುಳಿತು ಮಾಡಬಹುದು. ನೋವಿರುವ ಕಾಲನ್ನು ಇನ್ನೊಂದು ಕಾಲಿನ ಮಂಡಿಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಅದೇ ಬದಿಯ ಕೈಯಿಂದ ಐದೂ ಬೆರಳುಗಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು. ಅಂಗಾಲು ಜಗ್ಗಿದ ಅನುಭವವಾಗಬೇಕು. ಸರಿಯಾಗಿ ಎಳೆದಿದೆಯೇ ಎಂದು ತಿಳಿಯಲು ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ ನೋಡಿದರಾಯಿತು, ಪಟ್ಟಿ ತಂತಿಯಂತೆ ಬಿಗಿದಿರುತ್ತದೆ. ಹತ್ತು ಎಣಿಸುವವರೆಗೆ ಹಿಡಿದು ಬಿಡಬೇಕು. ಹೀಗೆ 10 ಸಲ. ಒಟ್ಟು ನೂರು ಸೆಕೆಂಡು.

ಇದನ್ನು ದಿನಕ್ಕೆ 3 ಸಲ ಮಾಡಬೇಕು. ಬೆಳಗಿನದನ್ನು ಮಾತ್ರ ಮೊದಲ ಹೆಜ್ಜೆಗೆ ಮುನ್ನವೇ ಮುಗಿಸಬೇಕು. ಉಳಿದ ಎರಡನ್ನು ಬಹುಹೊತ್ತು ಕುಳಿತಲ್ಲಿಂದ ಏಳುವ ಮುನ್ನ ಮಾಡುವುದು ಒಳ್ಳೆಯದು. ಎಲ್ಲ ಸೇರಿ ದಿನಕ್ಕೆ ಐದು ನಿಮಿಷ.

ಇದು ಅಜ್ಜಿಯ ಸಲಹೆಯಲ್ಲ, ಪರೀಕ್ಷೆಗೆ ಒಳಪಟ್ಟ ವಿಧಾನ. ಅಮೆರಿಕದ ಡಿಜಿಯೋವಾನಿ ಮತ್ತು ಸಂಗಡಿಗರು ಹತ್ತು ತಿಂಗಳಿಗೂ ಹೆಚ್ಚು ಕಾಲದಿಂದ ನರಳುತ್ತಿದ್ದ 101 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಎಳೆತವನ್ನೂ ಇನ್ನೊಂದಕ್ಕೆ ಮೀನಖಂಡದ ಎಳೆತವನ್ನೂ ಕಲಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎಂಟು ವಾರಗಳ ನಂತರ ಅಂಗಾಲಿನ ಎಳೆತ ಮಾಡಿದವರಲ್ಲೇ ನೋವು ಹೆಚ್ಚು ತಗ್ಗಿತ್ತು.

ಹಾಗೆಂದು ಮೀನಖಂಡವನ್ನು ಮರೆಯುವಂತಿಲ್ಲ. ಮೀನಖಂಡದ ಸ್ನಾಯುಗಳು ಅಕಿಲಿಸ್ ಎಂಬ ದಪ್ಪ ಹುರಿಯ ಮೂಲಕ ಹಿಮ್ಮಡಿಯ ಮೂಳೆಯನ್ನು ಹಿಂದಿನಿಂದ ಹಿಡಿದಿವೆ. ಅವು ಬಿಗಿಯಾದಷ್ಟೂ ಅಂಗಾಲಿನ ಪಟ್ಟಿಯ ಮೇಲೆ ಜಗ್ಗಾಟ ಹೆಚ್ಚು. ಬಿಗಿ ಎಷ್ಟಿದೆ ಎಂದು ಅಳೆಯಲು ಶಾಲೆಯ ಸ್ಕೇಲು ಸಾಕು. ಗೋಡೆಯ ಮುಂದೆ ಬರಿಗಾಲಿನಲ್ಲಿ ನಿಂತು, ಹಿಮ್ಮಡಿ ನೆಲ ಬಿಡದಂತೆ ಮಂಡಿ ಬಗ್ಗಿಸಿ ಗೋಡೆ ಮುಟ್ಟಬೇಕು. ಮುಟ್ಟಲು ಸಾಧ್ಯವಾಗುವಷ್ಟು ದೂರದವರೆಗೆ ಪಾದವನ್ನು ಹಿಂದೆ ಹಿಂದೆ ಸರಿಸುತ್ತ ಹೋಗಿ, ಕೊನೆಗೆ ಗೋಡೆಗೂ ಹೆಬ್ಬೆರಳಿಗೂ ಇರುವ ಅಂತರವನ್ನು ಅಳೆಯಬೇಕು. ಬಹುಪಾಲು ವಯಸ್ಕರಲ್ಲಿ ಇದು 10 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ತೀರ ಕಡಿಮೆಯಿದ್ದರೆ, ಅಥವಾ ಎರಡು ಕಾಲುಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿದ್ದರೆ, ಆ ಮೀನಖಂಡ ಬಿಗಿಯಾಗಿದೆ ಎಂದರ್ಥ.

ಅದನ್ನು ಸಡಿಲಿಸುವ ಬಗೆ ಹೀಗೆ. ಗೋಡೆಗೆ ಎರಡೂ ಕೈ ಊರಿ, ನೋವಿರುವ ಕಾಲನ್ನು ಹಿಂದೆ ಇಟ್ಟು, ಅದರ ಮಂಡಿ ನೆಟ್ಟಗಿರುವಂತೆ, ಹಿಮ್ಮಡಿ ನೆಲದಲ್ಲೇ ಇರುವಂತೆ ಮುಂದಕ್ಕೆ ವಾಲಬೇಕು. 30 ಸೆಕೆಂಡಿನಂತೆ ಮೂರು ಸಲ. ಬಳಿಕ ಅದೇ ಭಂಗಿಯಲ್ಲಿ ಹಿಂಗಾಲಿನ ಮಂಡಿಯನ್ನು ತುಸು ಬಗ್ಗಿಸಿ ಮತ್ತೆ ಮೂರು ಸಲ. ಮಂಡಿ ಬಗ್ಗಿಸಿದಾಗ ಮೀನಖಂಡದ ಒಳಪದರದ ಸ್ನಾಯು ಹಿಗ್ಗುತ್ತದೆ.

ಶಾಲೆಯ ಚೀಲವೂ ಔಷಧ

ಎಳೆತದಿಂದ ನೋವು ತಗ್ಗತೊಡಗಿದ ಮೇಲೆ ಎರಡನೆಯ ಹಂತ, ಭಾರ ಹೊರುವ ವ್ಯಾಯಾಮ. ಡೆನ್ಮಾರ್ಕಿನ ರಾಥ್ಲೆಫ್ ಮತ್ತು ಸಂಗಡಿಗರು 48 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಮೆಟ್ಟಿಲಿನ ಅಂಚಿನಲ್ಲಿ ಸುರುಳಿ ಸುತ್ತಿದ ಟವೆಲ್ ಇಟ್ಟು, ಬೆರಳುಗಳು ಅದರ ಮೇಲೆ ಏರಿ ಮೇಲ್ಮುಖವಾಗಿ ಬಾಗುವಂತೆ ನೋವಿರುವ ಕಾಲಿನಲ್ಲಿ ನಿಲ್ಲಬೇಕು. ಹಿಮ್ಮಡಿ ಮೆಟ್ಟಿಲಿನಿಂದಾಚೆ ಗಾಳಿಯಲ್ಲಿರುತ್ತದೆ. ಕಂಬಿಯನ್ನೋ ಗೋಡೆಯನ್ನೋ ಹಿಡಿದು, 3 ಸೆಕೆಂಡಿನಲ್ಲಿ ನಿಧಾನವಾಗಿ ಹಿಮ್ಮಡಿ ಎತ್ತಿ, 2 ಸೆಕೆಂಡು ನಿಂತು, 3 ಸೆಕೆಂಡಿನಲ್ಲಿ ಇಳಿಸಬೇಕು. 12 ಸಲ ಮಾಡಿದರೆ ಒಂದು ಸುತ್ತು. ಮೂರು ಸುತ್ತು, ದಿನ ಬಿಟ್ಟು ದಿನ. ಸುಲಭವೆನಿಸತೊಡಗಿದಾಗ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಹಾಕಿಕೊಂಡು ಭಾರ ಹೆಚ್ಚಿಸಬೇಕು. ಮಕ್ಕಳ ಬೆನ್ನಿಗೆ ಹೊರೆಯೆಂದು ದೂರು ಕೇಳುವ ಶಾಲೆಯ ಚೀಲ ಇಲ್ಲಿ ಅಮ್ಮನಿಗೋ ಅಪ್ಪನಿಗೋ ಔಷಧವಾಗುತ್ತದೆ!

ಟವೆಲ್ ಏಕೆ? ಮೊದಲು ಹೇಳಿದ ಉರುಳೆ ತತ್ತ್ವ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆರಳು ಬಾಗಿದ್ದರೆ ಭಾರ ನಾರುಪಟ್ಟಿಯ ಮೇಲೆ ಹೆಚ್ಚು ಬೀಳುತ್ತದೆ. ಮೂರು ತಿಂಗಳ ಕೊನೆಗೆ ಈ ವ್ಯಾಯಾಮ ಮಾಡಿದವರು ಕೇವಲ ಎಳೆತ ಮಾಡಿದವರಿಗಿಂತ ಚೆನ್ನಾಗಿದ್ದರು. ವರ್ಷದ ಕೊನೆಗೆ ಎರಡೂ ಗುಂಪುಗಳು ಸಮನಾಗಿದ್ದವು. ಭಾರದ ವ್ಯಾಯಾಮ ಬೇಗ ಗುಣ ಕೊಡಬಹುದು, ಆದರೆ ಅದು ಮಾಡಲಾಗದ ವಯಸ್ಸಾದವರು ನಿರಾಶರಾಗಬೇಕಿಲ್ಲ ಎಂಬುದು ಇದರ ಪಾಠ. ವ್ಯಾಯಾಮದ ವೇಳೆ ಅಲ್ಪ ನೋವು ಸಹಜ. ಮರುದಿನ ಬೆಳಗಿನ ನೋವು ಹೆಚ್ಚಾಗಿದ್ದರೆ ಭಾರ ಅಥವಾ ಸುತ್ತುಗಳನ್ನು ಕಡಿಮೆ ಮಾಡಬೇಕು.

ಚಪ್ಪಲಿ, ಮಂಜುಗಡ್ಡೆ, ಎಕ್ಕದ ಎಲೆ

ಗ್ರಾನೈಟ್ ಮತ್ತು ಟೈಲ್ಸ್ ನೆಲದ ಮೇಲೆ ಬರಿಗಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವುದು ಹಿಮ್ಮಡಿಗೆ ಕಷ್ಟ. ಅಡುಗೆಮನೆಗೆಂದೇ ಮೆತ್ತನೆಯ ತಳದ ಒಂದು ಜೊತೆ ಚಪ್ಪಲಿ ಇಟ್ಟುಕೊಳ್ಳಬೇಕು. ನಿಂತೇ ಮಾಡುವ ಕೆಲಸಗಳಲ್ಲಿ ತರಕಾರಿ ಹೆಚ್ಚುವಂಥವನ್ನಾದರೂ ಕುಳಿತು ಮಾಡಬಹುದು. ತೆಳ್ಳಗೆ ಸವೆದ ಹವಾಯಿ ಚಪ್ಪಲಿಗೆ ವಿದಾಯ ಹೇಳಬೇಕು. ಕಮಾನಿಗೆ ಆಸರೆ ಕೊಡುವ, ಹಿಮ್ಮಡಿ ತುಸು ಎತ್ತರವಿರುವ ಪಾದರಕ್ಷೆ ಒಳ್ಳೆಯದು. ಹಿಮ್ಮಡಿಯಡಿ ಇಡುವ ಸಿಲಿಕೋನ್ ಮೆತ್ತೆಯಿಂದಲೂ ಕೆಲವರಿಗೆ ಹಿತವಾಗುತ್ತದೆ.

ಸಂಜೆಯ ನೋವಿಗೆ, ನೀರು ತುಂಬಿ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಬಟ್ಟೆ ಸುತ್ತಿ ಅಂಗಾಲಿನಡಿ ಹತ್ತು ನಿಮಿಷ ಉರುಳಿಸಿದರೆ ಆರಾಮ. ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹರಡಿ ಹಿಮ್ಮಡಿ ಒತ್ತುವ ಪದ್ಧತಿ ಹಳ್ಳಿಗಳಲ್ಲಿ ಹಿಂದಿನಿಂದ ಇದೆ. ಶಾಖದಿಂದ ಹಾಯೆನಿಸುವುದು ನಿಜ. ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದು ಗೊತ್ತೇ ಆಗದು. ಅವರು ಬಿಸಿಯಿಂದಲೂ ಮಂಜುಗಡ್ಡೆಯಿಂದಲೂ ದೂರವಿರಬೇಕು. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಅಪಾಯ ಎಂಬುದನ್ನೂ ಮರೆಯಬಾರದು.

ಹಿಮ್ಮಡಿಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ಕಳೆಯುತ್ತದೆ. ಪದೇ ಪದೇ ಕೊಟ್ಟರೆ ನಾರುಪಟ್ಟಿ ಹರಿಯುವ, ಹಿಮ್ಮಡಿಯ ಮೆತ್ತನೆಯ ಕೊಬ್ಬು ಕರಗುವ ಅಪಾಯವಿದೆ. ಶಸ್ತ್ರಕ್ರಿಯೆ ತೀರ ಕೊನೆಯ ಮಾತು. ಹತ್ತರಲ್ಲಿ ಎಂಟೊಂಬತ್ತು ಮಂದಿ ಅದಿಲ್ಲದೆಯೇ, ಸಾಮಾನ್ಯವಾಗಿ ವರ್ಷದೊಳಗೆ, ಗುಣವಾಗುತ್ತಾರೆ. ‘ವರ್ಷವೇ?’ ಎಂದು ಬೇಸರಪಡುವವರು ಹೆಚ್ಚು. ಎರಡು ವಾರ ವ್ಯಾಯಾಮ ಮಾಡಿ, ಗುಣ ಕಾಣದೆ ಬಿಡುವುದೇ ಈ ಕಾಯಿಲೆ ಬಹುಕಾಲ ಉಳಿಯಲು ಒಂದು ಕಾರಣ. ನಾರು ನಿಧಾನವಾಗಿ ಸವೆಯುತ್ತದೆ, ನಿಧಾನವಾಗಿಯೇ ಕೂಡುತ್ತದೆ.

ಮಕ್ಕಳ ಹಿಮ್ಮಡಿಯ ಕಥೆ ಬೇರೆ

ಎಂಟರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳು ಆಟದ ನಂತರ ಹಿಮ್ಮಡಿ ನೋವೆಂದರೆ ಅದು ಸಾಮಾನ್ಯವಾಗಿ ಈ ಕಾಯಿಲೆಯಲ್ಲ. ಆ ವಯಸ್ಸಿನಲ್ಲಿ ಹಿಮ್ಮಡಿಯ ಮೂಳೆಯ ಹಿಂಭಾಗ ಇನ್ನೂ ಮೃದ್ವಸ್ಥಿಯ ಪದರದಿಂದ ಮುಖ್ಯ ಮೂಳೆಗೆ ಅಂಟಿಕೊಂಡಿರುತ್ತದೆ. ಓಡಿ ನೆಗೆದಾಗ ಅಕಿಲಿಸ್ ಹುರಿ ಅದನ್ನು ಜಗ್ಗುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಅಮೆರಿಕದ ವೈದ್ಯ ಜೇಮ್ಸ್ ಸೀವರ್ ಅವರ ಹೆಸರೇ ಇದಕ್ಕಿದೆ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಸುಕಿದರೆ ಮಗು ನೋವೆನ್ನುತ್ತದೆ. ಕೆಲವು ವಾರ ಓಟ, ನೆಗೆತ ಕಡಿಮೆ ಮಾಡಿ, ಮೆತ್ತನೆಯ ಬೂಟು ಹಾಕಿ, ಮೀನಖಂಡದ ಎಳೆತ ಮಾಡಿಸಿದರೆ ತಗ್ಗುತ್ತದೆ. ಮೂಳೆ ಪೂರ್ತಿ ಕೂಡಿಕೊಂಡ ಮೇಲೆ ಮರಳಿ ಬಾರದು. ‘ಓಡಲಾರದ್ದಕ್ಕೆ ನೆಪ’ ಎಂದು ಮಗುವನ್ನು ಗದರಿಸುವ ಮುನ್ನ ತಂದೆತಾಯಿಗಳೂ ವ್ಯಾಯಾಮ ಶಿಕ್ಷಕರೂ ಇದನ್ನು ನೆನೆಯಬೇಕು.

ಕ್ರೀಡಾಕೂಟಕ್ಕೋ ಭರ್ತಿಯ ಓಟಕ್ಕೋ ಸಿದ್ಧರಾಗುವ ಹಿರಿಯ ವಿದ್ಯಾರ್ಥಿಗಳು ಮೊದಲ ವಾರವೇ ಪೂರ್ತಿ ದೂರ ಓಡಬಾರದು. ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ಡಾಂಬರು ರಸ್ತೆಗಿಂತ ಮಣ್ಣಿನ ಮೈದಾನ ಮೇಲು.

ವೈದ್ಯರನ್ನು ತಡಮಾಡದೆ ಕಾಣಬೇಕಾದದ್ದು

ಹಿಮ್ಮಡಿ ಊದಿಕೊಂಡು ಕೆಂಪಾಗಿದ್ದರೆ, ಜ್ವರವಿದ್ದರೆ. ಮಲಗಿದ್ದಾಗಲೂ ನೋವು ಕಾಡುತ್ತಿದ್ದರೆ. ಪಾದದಲ್ಲಿ ಜೋಮು, ಉರಿ ಇದ್ದರೆ. ಬಿದ್ದ ಅಥವಾ ನೆಗೆದ ನಂತರ ಕಾಲೂರಲಾಗದಿದ್ದರೆ. ಸಕ್ಕರೆ ಕಾಯಿಲೆಯಿದ್ದು ಅಂಗಾಲಿನಲ್ಲಿ ಗಾಯ ಕಂಡರೆ. ಹದಿಹರೆಯದಲ್ಲಿ ಅಥವಾ ಯೌವನದಲ್ಲಿ ಎರಡೂ ಹಿಮ್ಮಡಿಗಳ ನೋವಿನೊಡನೆ ಬೆಳಗ್ಗೆ ಸೊಂಟವೂ ಬಹುಹೊತ್ತು ಹಿಡಿದುಕೊಂಡಿರುತ್ತಿದ್ದರೆ. ಇವು ಬೇರೆ ಕಾಯಿಲೆಗಳ ಸೂಚನೆಯಾಗಿರಬಹುದು. ಉಳಿದವರೂ ಒಮ್ಮೆ ವೈದ್ಯರಿಂದ ಖಚಿತಪಡಿಸಿಕೊಂಡು, ಫಿಸಿಯೋಥೆರಪಿಸ್ಟರ ಮುಂದೆ ವ್ಯಾಯಾಮಗಳನ್ನು ಮಾಡಿ ತೋರಿಸಿ ತಿದ್ದಿಸಿಕೊಂಡರೆ ಒಳಿತು. ಪಾದಕ್ಕೆ ಟೇಪ್ ಸುತ್ತಿ ಕಮಾನಿಗೆ ಆಸರೆ ಕೊಡುವಂಥ ಉಪಾಯಗಳನ್ನೂ ಅವರು ಬಲ್ಲರು.

ಮನೆಯ ಮಕ್ಕಳಿಗೆ ಒಂದು ಕೆಲಸವಿದೆ. ನಾಳೆ ಬೆಳಗ್ಗೆ ಸ್ವಲ್ಪ ಬೇಗ ಎದ್ದು, ಅಮ್ಮನ ಮೊದಲ ಹೆಜ್ಜೆ ಹೇಗಿದೆ ಎಂದು ನೋಡಬೇಕು. ಕುಂಟುತ್ತಿದ್ದರೆ ಸಂಜೆ ಪಕ್ಕದಲ್ಲಿ ಕುಳಿತು ಆ ಹತ್ತು ಎಳೆತಗಳನ್ನು ಕಲಿಸಬೇಕು. ಮರುದಿನದಿಂದ ಹತ್ತರವರೆಗೆ ಎಣಿಸುವ ಕೆಲಸ ಮಕ್ಕಳದು. ಆ ನೂರು ಸೆಕೆಂಡು ಹಾಲು ಕಾಯದಿದ್ದರೆ ನಷ್ಟವೇನಿಲ್ಲ.